ಸಂಜೆ ಹಾಲು ಯಾರು ಹಿಂಡುತ್ತಾರೆ

ಮೋಟಾಪುರಾದಲ್ಲಿ ನನ್ನನ್ನು ‘ಟೆನ್ಷನ್ ಬೆನ್’, ಅಂದರೆ ಟೆನ್ಷನ್ ಅಕ್ಕ, ಎಂದು ಕರೆಯುತ್ತಿದ್ದರು. ನನ್ನ ಹೆಸರು ವಿಂಧ್ಯಾ. ಸಾವ್ಲಿ ತಾಲೂಕಿನ ಹಳ್ಳಿಗಳಲ್ಲಿ ರೈತರ ಮನೆಯವರ ಮನಸ್ಸಿನ ಆರೋಗ್ಯ ವಿಚಾರಿಸುವುದು, ಬೇಕಾದವರನ್ನು ವಡೋದರಾದ ಆಸ್ಪತ್ರೆಗೆ ಮುಟ್ಟಿಸುವುದು ನನ್ನ ಕೆಲಸ. ಸಂಸ್ಥೆ ಚಿಕ್ಕದು. ಅಪ್ಪನ ಬ್ಯಾಂಕಿನ ವರ್ಗಾವಣೆಯಿಂದ ಹನ್ನೆರಡನೆಯ ವಯಸ್ಸಿಗೆ ವಡೋದರಾಕ್ಕೆ ಬಂದವಳು ನಾನು. ಅಲ್ಲಿಯೇ ಸಮಾಜಕಾರ್ಯ ಓದಿದೆ. ಗುಜರಾತಿ ಬರುತ್ತದೆ ಎಂದು ಕೆಲಸ ಕೊಟ್ಟರು.

ಮನೆಮನೆಗೆ ಹೋದರೆ ಗಂಡಸರು ಮಂಚ ಹಾಕಿ ಕೂರಿಸಿ ತಾವೇ ಉತ್ತರ ಹೇಳುತ್ತಿದ್ದರು. ಹೆಂಗಸರು ಸೆರಗು ಮುಖದ ಮೇಲೆ ಎಳೆದುಕೊಂಡು ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದರು. ಅದಕ್ಕೇ ನಾನು ಹಾಲಿನ ಡೇರಿಯ ಕಟ್ಟೆಯ ಮೇಲೆ ಕೂರತೊಡಗಿದೆ. ಊರಿನ ಹೆಂಗಸರೆಲ್ಲ ದಿನಕ್ಕೆ ಎರಡು ಸಲ ಬರುವ ಜಾಗ ಅದೊಂದೇ. ವಾರದಲ್ಲಿ ಮೂರು ದಿನ ಮಧ್ಯಾಹ್ನದ ಬಸ್ಸಿಗೆ ಹೋಗಿ, ಸಂಜೆಯ ಡೇರಿ ಮುಗಿಸಿ, ಏಳೂವರೆಯ ಬಸ್ಸಿಗೆ ವಡೋದರಾದ ಮಂಜಲ್‌ಪುರದ ಮನೆಗೆ ಹಿಂದಿರುಗುತ್ತಿದ್ದೆ.

“ಬನ್ನಿ, ಬನ್ನಿ. ಹಾಲಿನ ಫ್ಯಾಟ್ ನಾನು ನೋಡ್ತೀನಿ, ನಿಮ್ಮ ಟೆನ್ಷನ್ ಬೆನ್ ನೋಡ್ತಾರೆ,” ಎನ್ನುತ್ತಿದ್ದರು ಡೇರಿಯ ಕಾರ್ಯದರ್ಶಿ ಕನುಭಾಯಿ.

“ನನ್ನ ಟೆನ್ಷನ್ ಮನೇಲಿ ಬೀಡಿ ಸೇದ್ತಾ ಮಲಗಿದೆ. ಎಬ್ಬಿಸಿ ಕರ್ಕೊಂಡ್ ಬರ್ಲಾ?” ಎಂದಳು ಸಾಲಿನಲ್ಲಿದ್ದ ಒಬ್ಬಳು.

“ಅದಕ್ಕೆ ಔಷಧಿ ಇಲ್ಲ. ಬದಲಾಯಿಸ್ಬೇಕಷ್ಟೆ,” ಎಂದಳು ಅವಳ ಹಿಂದಿದ್ದವಳು.

ನಗು. ನಾನೂ ನಕ್ಕಂತೆ ಮಾಡುತ್ತಿದ್ದೆ.

ಮೊದಲ ವಾರ ಯಾರೂ ಏನೂ ಹೇಳಲಿಲ್ಲ. ಎರಡನೆಯ ವಾರ ಒಬ್ಬ ಮುದುಕಿ ನನ್ನ ಬರಿಗೈ ನೋಡಿ ಕೇಳಿದಳು. “ಗಂಡ ಏನ್ ಮಾಡ್ತಾನೆ?”

“ತೀರಿಕೊಂಡ್ರು.”

“ಎಷ್ಟು ದಿನ ಆಯ್ತು?”

“ಹದಿನಾಲ್ಕು ತಿಂಗಳು.”

“ಮಕ್ಕಳು?”

“ಇಲ್ಲ.”

ಅವಳು ನಾಲಿಗೆ ಚಪ್ಪರಿಸಿ ನನ್ನ ಪಕ್ಕದಲ್ಲಿ ಕುಳಿತಳು. ಅಂದಿನಿಂದ ಹೆಂಗಸರು ಸರಿಯಾಗಿ ಉತ್ತರ ಕೊಡತೊಡಗಿದರು. ಕಿಶೋರನ ಸಾವು ನನಗೆ ಹೀಗೆ ಉಪಯೋಗಕ್ಕೆ ಬಂತು. ಅವನು ಮಕರ್‌ಪುರಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ. ಒಂದು ಬುಧವಾರ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತಿದ್ದವನು ಹಾಗೇ ಕುಸಿದ. ಮೂವತ್ತಮೂರು ವರ್ಷ. ಹೇಳುವುದಕ್ಕೆ ಇಷ್ಟೇ ಇದೆ.

ನನ್ನ ಹಾಳೆಯಲ್ಲಿ ಒಂಬತ್ತು ಪ್ರಶ್ನೆಗಳಿದ್ದವು. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಊಟ ಸೇರುತ್ತಿತ್ತೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿತ್ತೆ. ಕೊನೆಯದು, ಸತ್ತರೆ ಒಳ್ಳೆಯದು ಅನ್ನಿಸಿತ್ತೆ. ಆ ಪ್ರಶ್ನೆಗೆ ಹೌದು ಎಂದವರನ್ನು ಬಿಟ್ಟುಬಿಡುವ ಹಾಗಿಲ್ಲ. ಅವರು ಡಾಕ್ಟರ ಎದುರು ಕೂರುವವರೆಗೂ ಅದು ನನ್ನ ಹೊಣೆ.

ಮೋಟಾಪುರಾದಲ್ಲಿ ಹಾಗೆ ಹೌದು ಎಂದವಳು ಜಶೀಬೆನ್ ಒಬ್ಬಳೇ.

ಅವಳಿಗೆ ಮೂವತ್ತನಾಲ್ಕು. ಗಂಡ ರಾಯಜೀಭಾಯಿ ಮಂಜುಸರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ಮನೆಯ ಮೂರು ಬೀಘಾ ಹರಳೆಣ್ಣೆ ಬೀಜದ ಹೊಲ, ಅದರ ಅಂಚಿನ ಮೇವು, ಕೊಟ್ಟಿಗೆ, ಎಲ್ಲ ಅವಳದು. ಏಳನೇ ತರಗತಿ ಓದುವ ಮಗಳೊಬ್ಬಳು. ಮತ್ತೆ ಅತ್ತೆ ಕಂಕುಬಾ. ಮನೆಯವರ ಹಾಗೆ ನಾನೂ ಅವರನ್ನು ‘ಬಾ’, ಅಂದರೆ ಅಮ್ಮ, ಎನ್ನುತ್ತಿದ್ದೆ. ಹೊಡೆಯುವ ಗಂಡನಲ್ಲ. ಬಯ್ಯುವ ಅತ್ತೆಯಲ್ಲ. ಬೆಳೆ ಕೈಕೊಟ್ಟಿರಲಿಲ್ಲ.

“ಏನಾಗಿದೆ ಜಶೀಬೆನ್?” ಎಂದು ಅವಳ ಕೊಟ್ಟಿಗೆಯಲ್ಲಿ ನಿಂತು ಕೇಳಿದೆ. ಅವಳು ಎಮ್ಮೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು.

“ಮೂಂಝಾರೋ,” ಎಂದಳು. ಉಸಿರು ಕಟ್ಟಿದ ಹಾಗೆ ಎದೆಯೊಳಗೆ ಆಗುವ ಕಳವಳಕ್ಕೆ ಆ ಕಡೆಯ ಹೆಂಗಸರು ಹೇಳುವ ಮಾತು. “ಯಾಕೆ ಅಂತ ಕೇಳ್ಬೇಡಿ. ಯಾಕೂ ಇಲ್ಲ. ದೀಪಾವಳಿಗೆ ಮುಂಚೆ ಶುರುವಾಯ್ತು. ಸ್ವಲ್ಪ ಹಿಂದೆ ನಿಂತ್ಕೊಳಿ, ನಿಮ್ಮ ವಾಸನೆ ಇವಳಿಗೆ ಹೊಸದು.”

ನಾನು ಕೊಟ್ಟಿಗೆಯ ಮುಂದಿನ ಬೇವಿನ ಮರದ ಹಿಂದೆ ಸರಿದು ನಿಂತೆ. ಎಮ್ಮೆಯ ಹೆಸರು ಭೂರಿ. ಕಂದು ಮೈ, ಒಂದು ಕೊಂಬು ಕೆಳಗೆ ಬಾಗಿತ್ತು. ಇನ್ನೊಂದು ಎಮ್ಮೆ ಗಬ್ಬವಾಗಿ ಆಚೆ ಮಲಗಿತ್ತು.

ಪ್ರಶ್ನೆಗಳನ್ನು ಅಲ್ಲಿಂದಲೇ ಕೇಳಿದೆ. ಅವಳು ಕೆಚ್ಚಲಿನ ಕಡೆ ಮುಖಮಾಡಿಯೇ ಉತ್ತರಿಸಿದಳು. ನಿದ್ದೆ ಇಲ್ಲ. ರೊಟ್ಟಿ ಬಾಯಲ್ಲಿ ಸುತ್ತುತ್ತದೆ, ಇಳಿಯುವುದಿಲ್ಲ. ಮಗಳು ಮಾತಾಡಿದರೆ ದೂರದಿಂದ ಕೇಳಿದ ಹಾಗೆ ಆಗುತ್ತದೆ. ಕೊನೆಯ ಪ್ರಶ್ನೆಗೆ ಕೈ ನಿಲ್ಲಿಸದೆ “ದಿನಾ ಅನ್ಸುತ್ತೆ” ಎಂದಳು. ಹಾಲು ಪಾತ್ರೆಗೆ ಬೀಳುವ ಸದ್ದು ಒಂದೇ ಸಮ ಇತ್ತು.

“ಮತ್ತೆ ಏನು ತಡೀತು?”

“ಇವಳು.” ಹಣೆಯನ್ನು ಎಮ್ಮೆಯ ಪಕ್ಕೆಗೆ ಒತ್ತಿದಳು. “ಬೇರೆ ಯಾರ ಕೈಗೂ ಹಾಲು ಬಿಡಲ್ಲ ಇವಳು. ನಮ್ಮಮ್ಮ ತೀರಿಕೊಂಡಾಗ ಎರಡು ದಿನ ತವರಿಗೆ ಹೋಗಿದ್ದೆ. ಆಗ ಇವಳ ಅಮ್ಮ ಇದ್ಲು, ಅವಳೂ ಹೀಗೇ. ಬಾ ಹಿಂಡೋಕೆ ಹೋದ್ರೆ ಒದ್ದುಬಿಟ್ಲು. ಕೆಚ್ಚಲು ಬಾತು ಕಲ್ಲಾಯ್ತು. ಡಾಕ್ಟರ್ ಬಂದು ಸೂಜಿ ಹಾಕಿದ್ರು. ಅದಾಗಿ ಹನ್ನೊಂದು ವರ್ಷ. ಒಂದು ಹೊತ್ತೂ ತಪ್ಪಿಸಿಲ್ಲ ನಾನು.”

“ಒಂದು ಸಂಜೆ ಕೂಡ?”

“ಜ್ವರ ಬಂದು ಮೈ ಸುಡ್ತಿದ್ದಾಗ್ಲೂ ಇಲ್ಲೇ ಕೂತಿದ್ದೆ.”

ನನ್ನ ಹಾಳೆಯ ಹಿಂಬದಿಯಲ್ಲಿ ‘ಚಿಕಿತ್ಸೆಗೆ ಇರುವ ಅಡಚಣೆಗಳು’ ಎಂಬ ಜಾಗವಿತ್ತು. ಎಮ್ಮೆ ಬೇರೆಯವರಿಗೆ ಹಾಲು ಕೊಡುವುದಿಲ್ಲ, ಮನೆ ಬಿಟ್ಟು ಬರಲಾರರು ಎಂದು ಅಲ್ಲಿ ಬರೆದೆ.

ಆಸ್ಪತ್ರೆಗೆ ಎರಡು ಸಲ ಹೋದೆವು. ಮನೋರೋಗ ವಿಭಾಗದಲ್ಲಿ ಹೊಸಬರ ಸರದಿ ಮಧ್ಯಾಹ್ನದ ಮೇಲೆ. ಸಂಜೆ ಐದಕ್ಕೆ ಕೊಟ್ಟಿಗೆಯಲ್ಲಿ ಇರಬೇಕಾದರೆ ಎರಡೂವರೆಯ ಬಸ್ಸು ಹಿಡಿಯಬೇಕು. ಮೊದಲ ಸಲ ನಮ್ಮ ಮುಂದೆ ಹದಿನಾರು ಜನ ಇದ್ದಾಗ ಅವಳು ಎದ್ದಳು. ಎರಡನೆಯ ಸಲ ಐದೇ ಜನ. ನಾನು ಅವಳ ಮೊಣಕೈ ಹಿಡಿದುಕೊಂಡೆ.

“ಇನ್ನು ಅರ್ಧ ಗಂಟೆ ಕೂತ್ಕೊಳಿ.”

“ಅವಳು ಕೂಗ್ತಿರ್ತಾಳೆ ಬೆನ್.”

“ಒಂದು ದಿನ ಕೂಗಲಿ.”

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹೊರಟುಹೋದಳು. ಊರು ಬಂದೊಡನೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಸತ್ತರೆ ಸಾಕು ಎನ್ನುವವಳು ಹಾಗೆ ಓಡುವುದನ್ನು ನಾನು ರಸ್ತೆಯಲ್ಲಿ ನಿಂತು ನೋಡಿದೆ. ನೋಡಿಯೂ ನನಗೆ ಹೊಳೆದದ್ದು ಒಂದೇ. ಈ ಎಮ್ಮೆಗೆ ಏನಾದರೂ ದಾರಿ ಮಾಡಬೇಕು.

ಅಂದು ಮನೆಗೆ ಬಂದು ಅತ್ತೆಗೆ ಹೇಳಿದೆ. ಕಿಶೋರನ ಅಮ್ಮ, ರಾಜಮ್ಮ. ಚನ್ನಗಿರಿ ಕಡೆಯ ಹಳ್ಳಿಯವರು. ಮಾವನ ರೈಲ್ವೆ ಕೆಲಸಕ್ಕೆಂದು ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಗುಜರಾತಿ ತರಕಾರಿ ಕೊಳ್ಳುವಷ್ಟೇ. ಮಾವ ಹೋಗಿ ಆರು ವರ್ಷ, ಮಗ ಹೋಗಿ ವರ್ಷದ ಮೇಲಾಯಿತು. ಈಗ ಆ ಫ್ಲ್ಯಾಟಿನಲ್ಲಿ ನಾವಿಬ್ಬರೇ. ಕಿಶೋರ್ ಹೋದಮೇಲೆ ಅವರು ನನ್ನಿಂದ ಒಂದು ಲೋಟ ತೊಳೆಸಿಲ್ಲ. ನಾನು ಅಡುಗೆಮನೆಗೆ ಹೋದರೆ “ನೀನು ಕೂತ್ಕೊ” ಎನ್ನುತ್ತಾರೆ. ನಾನು ಕೂರುತ್ತೇನೆ.

“ಅಯ್ಯೋ, ಅದಕ್ಕೇನು,” ಎಂದರು ಅತ್ತೆ, ಸಾರು ಬಡಿಸುತ್ತಾ. “ನಮ್ಮೂರಲ್ಲಿ ಹಂಗೇ ಮಾಡ್ತಿದ್ರು. ನಮ್ಮ ದೊಡ್ಡಮ್ಮ ಹೆರಿಗೆಗೆ ಹೋದಾಗ ಅವಳ ಸೀರೆ ಉಟ್ಕೊಂಡು ನಮ್ಮಮ್ಮ ಹಿಂಡ್ತಿದ್ಲು. ಒಗೀದೇ ಇರೋ ಸೀರೆ ಆಗ್ಬೇಕು ಕಣಮ್ಮ. ಎಮ್ಮೆಗೆ ಮುಖ ಯಾಕೆ ಬೇಕು. ವಾಸನೆ ನೋಡುತ್ತೆ, ಹಾಲು ಬಿಡುತ್ತೆ.”

“ಅಷ್ಟು ಸುಲಭಾನಾ?”

“ಎರಡು ದಿನ ಕೊಸರಾಡುತ್ತೆ. ಮೂರನೇ ದಿನಕ್ಕೆ ಸೀರೆ ಇದ್ರೆ ಸಾಕು, ಒಳಗೆ ಯಾರಿದ್ರೂ ಆಯ್ತು.” ಆಮೇಲೆ ನನ್ನ ತಟ್ಟೆ ನೋಡಿ, “ನೀನು ಊಟ ಮಾಡ್ತಿದೀಯೋ ಇಲ್ಲ ಬೆರಳಲ್ಲಿ ಬರೀತಿದೀಯೋ?” ಎಂದರು.

ಅಂದು ನಾನು ಎರಡನೆಯ ಸಲ ಅನ್ನ ಹಾಕಿಸಿಕೊಂಡೆ. ಬಹಳ ದಿನಗಳ ಮೇಲೆ ನನಗೂ ಏನೋ ಒಂದು ಮಾಡಲು ಸಿಕ್ಕಿತ್ತು.

ಮಾರನೆಯ ದಿನ ಡೇರಿಯಲ್ಲಿ ಹೇಳಿದಾಗ ಹೆಂಗಸರು ನಕ್ಕರು. ಆ ಉಪಾಯ ಅವರಿಗೂ ಗೊತ್ತಿತ್ತು.

“ಜಶೀ ಮನೇಲಿ ಆಗಲ್ಲ ಬೆನ್. ಬಾ ಹೆಂಗೆ ಉಡ್ತಾರೆ? ವಿಧವೆ.”

ಕಂಕುಬಾ ಗಂಡ ಸತ್ತ ಹತ್ತೊಂಬತ್ತು ವರ್ಷದಿಂದ ಬಿಳಿ ಬಿಟ್ಟು ಬೇರೆ ಉಟ್ಟಿರಲಿಲ್ಲ. ಮುತ್ತೈದೆ ಸೊಸೆಯ ಕೆಂಪು ಸೀರೆ ಅವರು ಮುಟ್ಟಿ ಮಡಚುತ್ತಿದ್ದರೇ ಹೊರತು ಮೈಮೇಲೆ ಹಾಕುವ ಮಾತೇ ಇರಲಿಲ್ಲ. ಬೇರೆ ಮನೆಯ ಹೆಂಗಸರಿಗೆ ಅದೇ ಹೊತ್ತಿಗೆ ಅವರವರ ಕೊಟ್ಟಿಗೆ. ಮಗಳ ಕೈ ಇನ್ನೂ ಚಿಕ್ಕದು.

ನಾನು ಬಾ ಮುಂದೆ ಕುಳಿತೆ. ಅವರು ಹರಳಿನ ಕಾಯಿ ಬಿಡಿಸುತ್ತಿದ್ದರು.

“ಬಾ, ನಾನೂ ವಿಧವೆ. ನಾನು ಬಣ್ಣ ಹಾಕ್ತೀನಿ. ಏನಾಯ್ತು ನನಗೆ?”

“ನಿಮಗೆ ಆಗೋದೆಲ್ಲ ಆಗಿದೆ. ಇನ್ನೇನು ಆಗ್ಬೇಕು.” ಕಟುವಾಗಿ ಹೇಳಲಿಲ್ಲ. ಇದ್ದದ್ದು ಹೇಳಿದರು.

“ಸೊಸೆ ಉಳೀಬೇಕೋ ಬೇಡ್ವೋ?”

ಅವರು ಕೈ ನಿಲ್ಲಿಸಿದರು. ಆ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅವರಿಗೂ ಗೊತ್ತಿತ್ತು ಎಂದು ಆಗ ನನಗೆ ತಿಳಿಯಿತು.

“ಕೊಟ್ಟಿಗೆ ಬಾಗಿಲು ಹಾಕ್ಕೊಂಡು,” ಎಂದರು ಕೊನೆಗೆ. “ಯಾರೂ ನೋಡಬಾರದು. ಮಗನೂ.”

ಐದು ಸಂಜೆ ಅಭ್ಯಾಸ ನಡೆಯಿತು. ನಾನು ಎರಡು ಸಂಜೆ ಅಲ್ಲಿದ್ದೆ. ಜಶೀ ತಾನು ಉಟ್ಟಿದ್ದ ಕೆಂಪು ಸೀರೆಯನ್ನು ಬಿಚ್ಚಿ ಅತ್ತೆಗೆ ಉಡಿಸಿದಳು. ಅವಳೇ ಕಲಿಸಿದಳು. ಮೊದಲು ಹಿಂಡಿಯ ಬುಟ್ಟಿ ಎಡಗಡೆ ಇಡಬೇಕು. ಬೆನ್ನ ಮೇಲೆ ಎರಡು ಸಲ ತಟ್ಟಬೇಕು, ಮೂರು ಸಲ ತಟ್ಟಿದರೆ ಅವಳಿಗೆ ಆಗದು. ಕೆಚ್ಚಲಿಗೆ ಬೆಚ್ಚಗಿನ ನೀರು. ಹಿಂದಿನ ಬಲ ಮೊಲೆ ಮೊದಲು. ಬಾಯಿ ಮುಚ್ಚಿಕೊಂಡು ಗುನುಗುತ್ತಿರಬೇಕು, ಯಾವ ಹಾಡಾದರೂ ಸರಿ, ನಿಲ್ಲಿಸಬಾರದು.

“ಬಾ, ಕೈ ಇಷ್ಟು ಬಿಗಿ ಬೇಡ. ಹಾಂ. ಹಾಗೆ.”

“ನಿನಗೆ ಇದೆಲ್ಲ ಯಾರು ಹೇಳಿಕೊಟ್ರು?”

“ಇವಳೇ.”

ಮೊದಲ ಎರಡು ದಿನ ಭೂರಿ ಕಾಲು ಝಾಡಿಸಿ ಪಾತ್ರೆ ಉರುಳಿಸಿತಂತೆ. ಮೂರನೆಯ ದಿನ ನಾನಿದ್ದೆ. ಜಶೀ ಬಾ ಅವರ ಬಿಳಿ ಸೀರೆ ಸುತ್ತಿಕೊಂಡು, ನನ್ನ ಪಕ್ಕ ಕೊಟ್ಟಿಗೆ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿದ್ದಳು. ಎಮ್ಮೆ ತಲೆ ತಿರುಗಿಸಿ ಕೆಂಪು ಸೆರಗನ್ನು ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಬುಟ್ಟಿಗೆ ಬಾಯಿ ಹಾಕಿತು. ಹಾಲಿನ ಸದ್ದು ಬಂತು.

ನಾನು ಜಶೀಯ ಭುಜ ಒತ್ತಿದೆ. ಅವಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು.

“ಬಿಟ್ಲು,” ಎಂದಳು.

“ನೋಡಿದ್ರಾ? ಇನ್ನು ನೀವು ನಿಶ್ಚಿಂತೆ.”

ಒಳಗೆ ಬಾ ಗುನುಗುತ್ತಲೇ ಇದ್ದರು. ಹಾಲು ಮುಗಿದ ಮೇಲೂ ಸ್ವಲ್ಪ ಹೊತ್ತು ಆ ಸೀರೆಯಲ್ಲೇ ಕುಳಿತಿದ್ದರು. ಹೊರಗೆ ಬಂದಾಗ ಅವರ ಕೆನ್ನೆ ಕೆಂಪಾಗಿತ್ತು. ಜಶೀ ಅವರನ್ನು ನೋಡಿ, “ಬಾ, ನಿಮಗೆ ಚೆನ್ನಾಗಿ ಒಪ್ಪುತ್ತೆ,” ಎಂದಳು. ಬಾ ಅವಳ ತಲೆಗೆ ಮೊಟಕಿದರು. ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ಗಳಿಗೆ ಅದು. ವರದಿಯಲ್ಲಿ ಬರೆದೆ ಕೂಡ: ಕುಟುಂಬದ ಸಹಕಾರ ಉತ್ತಮ.

ಗುರುವಾರ ಹೋದೆವು. ಸಂಜೆಯ ಚಿಂತೆ ಇಲ್ಲದ್ದರಿಂದ ಅವಳು ಬೆಂಚಿನ ಮೇಲೆ ಕಾಲು ಮಡಚಿ ಕುಳಿತಳು. ಮನೆಯಿಂದ ತಂದ ಮೆಂತ್ಯದ ಥೇಪ್ಲಾ ರೊಟ್ಟಿ ನನಗೆ ಕೊಟ್ಟಳು, ತಾನೂ ಒಂದು ತಿಂದಳು. ನಾಲ್ಕೂಕಾಲಿಗೆ ಕರೆದರು.

ಡಾಕ್ಟರು ಒಳ್ಳೆಯವರು. ಅವಸರ ಮಾಡಲಿಲ್ಲ. ನಿದ್ದೆ, ಊಟ, ಮುಟ್ಟು, ತವರು, ಎಲ್ಲ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, “ಜೀವ ತೆಗೆದುಕೊಳ್ಳಬೇಕು ಅನ್ಸುತ್ತಾ?” ಎಂದರು.

“ಅನ್ಸುತ್ತೆ ಸಾಹೇಬ್. ಆದ್ರೆ ಸಂಜೆ ಹಾಲು ಯಾರು ಹಿಂಡ್ತಾರೆ?”

ಡಾಕ್ಟರು ನನ್ನ ಕಡೆ ನೋಡಿದರು.

“ಅದಕ್ಕೆ ವ್ಯವಸ್ಥೆ ಮಾಡಿದ್ದೇವೆ ಸರ್,” ಎಂದೆ. “ಅವರ ಅತ್ತೆ ಕಲಿತುಕೊಂಡಿದ್ದಾರೆ. ಈಗ ಆ ತೊಂದರೆ ಇಲ್ಲ.”

ಅವರು ಕೇಳಿದ್ದು ಒಂದು, ನಾನು ಉತ್ತರ ಕೊಟ್ಟದ್ದು ಇನ್ನೊಂದಕ್ಕೆ. ಆಸ್ಪತ್ರೆಗೆ ಬರಲು ಇದ್ದ ಅಡ್ಡಿ ಹೋಯಿತು ಎಂದು ನಾನು ಹೇಳಿದೆ. ಅವಳು ಹೇಳಿದ್ದು ಆ ಅಡ್ಡಿಯ ಮಾತಲ್ಲ. ಜಶೀ ನನ್ನ ಮುಖ ನೋಡಿದಳು. ಆಮೇಲೆ ತಲೆಯಾಡಿಸಿ, “ಹೌದು ಸಾಹೇಬ್, ಬಾ ಹಿಂಡ್ತಾರೆ,” ಎಂದಳು. ಮಗುವಿಗೆ ಹೇಳಿಕೊಟ್ಟ ಮಾತು ಒಪ್ಪಿಸಿದ ಹಾಗಿತ್ತು.

ಎರಡು ವಾರದ ಮಾತ್ರೆ ಬರೆದುಕೊಟ್ಟರು. ಮಾತ್ರೆ ಹಿಡಿಯಲು ಮೂರು ವಾರ ಬೇಕು, ಒಬ್ಬರನ್ನೇ ಬಿಡಬೇಡಿ ಎಂದರು. ಹೊರಗೆ ಬಂದಾಗ ಐದೂವರೆ. ಬಸ್ ನಿಲ್ದಾಣದ ಮೇಲೆ ಆಕಾಶ ಕೆಂಪಾಗಿ, ಹಕ್ಕಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಜಶೀ ನಡೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು.

“ಈ ಹೊತ್ತಿಗೆ ಹೊರಗೆ ಹಿಂಗಿರುತ್ತಾ?”

“ದಿನಾ ಹೀಗೇ.”

“ನಾನು ಈ ಹೊತ್ತಲ್ಲಿ ಎಮ್ಮೆ ಹೊಟ್ಟೆ ಬಿಟ್ಟು ಬೇರೆ ನೋಡಿಲ್ಲ.”

ಜನ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದರು. ಅವಳು ಬಹಳ ಹೊತ್ತು ನಿಂತಿದ್ದಳು. ಕೈಗಳನ್ನು ಏನು ಮಾಡಬೇಕೆಂದು ಗೊತ್ತಾಗದವಳಂತೆ ಒಂದರೊಳಗೊಂದು ಹಾಕಿಕೊಂಡಳು, ತೆಗೆದಳು. ಈ ವಿಶ್ರಾಂತಿ ಅವಳಿಗೆ ಒಳ್ಳೆಯದು ಎಂದುಕೊಂಡೆ.

ಅವಳ ಊರಿಗೆ ತಲುಪುವಾಗ ಏಳು ದಾಟಿತ್ತು. ನನಗೆ ಅದೇ ಬಸ್ಸು ತಿರುಗಿ ಹೊರಡುವುದಿತ್ತು. ಓಣಿಯ ತುದಿಯಲ್ಲಿ ಅವಳನ್ನು ಬಿಟ್ಟು ಮಾತ್ರೆಯ ಹೊತ್ತು ಇನ್ನೊಮ್ಮೆ ಹೇಳಿದೆ. ಈ ಸಲ ಅವಳು ಓಡಲಿಲ್ಲ. ನಿಧಾನವಾಗಿ ನಡೆದು ಹೋದಳು.

ಮುಂದಿನ ವಾರ ಎರಡು ಸಲ ಕಂಡೆ. ನಿದ್ದೆ ಬರುತ್ತಿದೆ ಎಂದಳು. ಬೆಳಗಿನ ಹಾಲೂ ಕೆಲವು ದಿನ ಬಾ ಹಿಂಡುತ್ತಿದ್ದರು. ಅವರಿಗೆ ಅದು ಹಿಡಿಸಿತ್ತು. ಡೇರಿಗೆ ಕ್ಯಾನ್ ತರುವುದೂ ಅವರೇ. ಸಾಲಿನಲ್ಲಿ ಹೆಂಗಸರು “ಬಾ, ಮದುವೆ ಹೆಣ್ಣಿನ ಹಾಗಾಗಿದೀರ” ಎಂದು ಛೇಡಿಸಿದರೆ ಸುಳ್ಳು ಸಿಟ್ಟು ಮಾಡುತ್ತಿದ್ದರು.

“ಜಶೀ ಎಲ್ಲಿ ಬಾ?”

“ಮಲಗಿದಾಳೆ. ಮಲಗ್ಲಿ ಬಿಡಿ ಪಾಪ, ಎಷ್ಟು ವರ್ಷ ದುಡೀತು.”

ಮಲಗಲಿ ಎಂದೆ ನಾನೂ.

ಆಸ್ಪತ್ರೆಗೆ ಹೋಗಿಬಂದ ಹನ್ನೊಂದನೆಯ ದಿನ ಬೆಳಿಗ್ಗೆ ಕನುಭಾಯಿ ಫೋನ್ ಮಾಡಿದರು. ನಾನು ಇನ್ನೊಂದು ಹಳ್ಳಿಯ ಶಾಲೆಯ ಜಗಲಿಯಲ್ಲಿದ್ದೆ. ಅವರ ಹಿಂದೆ ಡೇರಿಯ ಯಂತ್ರದ ಸದ್ದು ಕೇಳುತ್ತಿತ್ತು.

“ಬೆನ್, ಜಶೀ ಹೋಗಿಬಿಟ್ಲು.”

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹೇಗೆ ಎಂದೂ ಕೇಳಲಿಲ್ಲ. ಅವರೇ ಹೇಳಿದರು. ಇಲ್ಲಿ ಬರೆಯುವುದಿಲ್ಲ. ಬೆಳಗಿನ ಹಾಲು ಡೇರಿಗೆ ಬಂದ ಮೇಲೆ ನಡೆದದ್ದು. ಮನೆಯವರಿಗೆ ಯಾರಿಗೂ ಏನೂ ಅನುಮಾನ ಬಂದಿರಲಿಲ್ಲ.

ನಾನು ಕೈಯಲ್ಲಿದ್ದ ಪ್ರಶ್ನೆಗಳನ್ನು ಎದುರಿದ್ದ ಹೆಂಗಸಿಗೆ ಮುಗಿಸಿದೆ. ನಾಲ್ಕು ಉಳಿದಿದ್ದವು. ಅವಳು ಎಲ್ಲಕ್ಕೂ ಇಲ್ಲ ಎಂದಳು.

ಸಂಸ್ಥೆಯಲ್ಲಿ ನಮ್ಮ ಮೇಲಿನವರು ಶಕುಂತಲಾ ಮೇಡಂ. ಅವರು ಅಹಮದಾಬಾದಿನ ಕಚೇರಿಯಿಂದ ಫೋನಿನಲ್ಲಿ ಬಹಳ ಮೃದುವಾಗಿ ಮಾತಾಡಿದರು. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲಿ ಹೀಗೆ ಆಗುವುದುಂಟು ಎಂದರು. ನಿಮ್ಮಿಂದ ಲೋಪ ಆಗಿಲ್ಲ, ಎಲ್ಲ ಹಂತಗಳೂ ನಿಯಮದ ಪ್ರಕಾರ ಇವೆ ಎಂದರು. ನಾನು ಎಮ್ಮೆಯ ವಿಷಯ ಹೇಳಿದೆ. ಅವರು, “ಅದು ತುಂಬಾ ಜಾಣತನದ ಪರಿಹಾರವಾಗಿತ್ತು, ವಿಂಧ್ಯಾ,” ಎಂದರು.

ರಾತ್ರಿ ಅತ್ತೆ ಬಡಿಸುತ್ತಾ, “ಆ ಎಮ್ಮೆ ಹೆಂಗಸು ಹೆಂಗಿದಾಳೆ?” ಎಂದು ಕೇಳಿದರು.

“ಚೆನ್ನಾಗಿದಾರೆ,” ಎಂದೆ. ಆ ಉಪಾಯ ಅವರದಾಗಿತ್ತು.

ಐದನೆಯ ದಿನ ಮೋಟಾಪುರಾಕ್ಕೆ ಹೋದೆ. ಓಣಿಯಲ್ಲಿ ನನ್ನನ್ನು ಕಂಡ ಹೆಂಗಸರು ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬಯ್ಯಲಿಲ್ಲ. ಒಬ್ಬಳು ನೀರು ಕೊಟ್ಟಳು.

ರಾಯಜೀಭಾಯಿ ಅಂಗಳದ ಮಂಚದ ಮೇಲೆ ಒಬ್ಬರೇ ಕುಳಿತಿದ್ದರು. ತಲೆ ಬೋಳಿಸಿದ್ದರು. ನನ್ನನ್ನು ಕಂಡು ಎದ್ದು ಮಂಚ ಬಿಟ್ಟುಕೊಟ್ಟು ತಾವು ನೆಲದ ಮೇಲೆ ಕುಳಿತರು. ನಾನೂ ನೆಲದ ಮೇಲೆ ಕುಳಿತೆ. ಮಗಳು ಸೋದರಮಾವನ ಮನೆಗೆ ಹೋಗಿದ್ದಳು. ಬಾ ಒಳಗಿನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮೂರು ದಿನದಿಂದ ಎದ್ದಿಲ್ಲ ಎಂದರು. ಭೂರಿಯನ್ನು ಪಕ್ಕದ ಮನೆಯವರು ಹೊಡೆದುಕೊಂಡು ಹೋಗಿದ್ದರು.

ನಾನು ಹೇಳಬೇಕೆಂದು ಬಂದಿದ್ದೆ. ಬಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ನಿಮ್ಮ ಹೆಂಡತಿಯನ್ನು ಹಿಡಿದು ನಿಲ್ಲಿಸಿದ್ದ ಹಗ್ಗ ಒಂದೇ ಇತ್ತು, ಅವಳು ಅದನ್ನು ನನಗೆ ತೋರಿಸಿದ್ದಳು, ನಾನು ಅದನ್ನು ಬಂಧನ ಎಂದುಕೊಂಡು ಬಿಚ್ಚಿದೆ.

“ರಾಯಜೀಭಾಯಿ, ಒಂದು ಮಾತು ಹೇಳಬೇಕು.”

“ನಾನೂ ಒಂದು ಕೇಳಬೇಕು ಬೆನ್,” ಎಂದರು. “ಮೊದಲು ನಾನು ಕೇಳ್ತೀನಿ. ಊರಲ್ಲಿ ಯಾರನ್ನ ಕೇಳೋಕೂ ಆಗಲ್ಲ.”

“ಕೇಳಿ,” ಎಂದೆ.

“ಅವತ್ತು ನೀವು ದವಾಖಾನೆಗೆ ಕರ್ಕೊಂಡು ಹೋಗಿ ಬಂದ್ರಲ್ಲ, ಆ ಸಂಜೆ ನಾನು ಮನೇಲಿದ್ದೆ. ಬಂದವಳೇ ಕೊಟ್ಟಿಗೆಗೆ ಹೋದ್ಲು. ಭೂರಿ ಹಾಲು ಕೊಟ್ಟಳಾ ಅಂತ ಕೇಳಿದ್ಲು. ಬಾ ಹೇಳಿದ್ರು, ಪೂರ್ತಿ ಕೊಟ್ಲು, ತಿರುಗಿ ಕೂಡ ನೋಡಲಿಲ್ಲ ಅಂತ. ಆಗ ಇವಳು ನಗೋಕೆ ಶುರು ಮಾಡಿದ್ಲು. ತುಂಬಾ ನಕ್ಕಳು ಬೆನ್. ಹೊಟ್ಟೆ ಹಿಡ್ಕೊಂಡು. ಹನ್ನೊಂದು ವರ್ಷ ಸುಮ್ಮನೆ ಹೆದರಿಕೊಂಡು ಕೂತಿದ್ದೆ ನೋಡಿ, ಅಂದ್ಲು. ಅವಳು ನಗೋದು ನೋಡಿ ಬಾ ನಕ್ರು, ಮಗಳು ನಕ್ಕಳು. ನಾನೂ ನಕ್ಕೆ. ನಾವು ನಾಲ್ಕು ಜನ ಹಾಗೆ ಒಟ್ಟಿಗೆ ನಕ್ಕು ಎಷ್ಟೋ ವರ್ಷ ಆಗಿತ್ತು. ಅವತ್ತು ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದ್ಲು.”

ಅವರು ಬೋಳು ತಲೆಯ ಮೇಲೆ ಅಂಗೈ ಇಟ್ಟುಕೊಂಡರು.

“ಮಾತ್ರೆ ಹಿಡೀತು ಅಂದ್ಕೊಂಡ್ವಿ. ಈಗ ಮಲಗಿದ್ರೆ ಅದೇ ನಗು ಕೇಳ್ಸುತ್ತೆ. ಬಾ ಹೇಳ್ತಾರೆ, ಅದು ನಗು ಅಲ್ಲ, ನಮಗೆ ಗೊತ್ತಾಗಲಿಲ್ಲ ಅಂತ. ಅದಕ್ಕೇ ಅನ್ನ ನೀರು ಬಿಟ್ಟು ಮಲಗಿದಾರೆ. ನೀವು ಓದಿದವರು. ಅವಳ ಜೊತೆ ಇಡೀ ದಿನ ಇದ್ರಿ. ಆ ನಗು ಒಳ್ಳೇದಾಗಿತ್ತು ತಾನೆ? ಅವತ್ತು ಒಂದು ದಿನ ಅವಳಿಗೆ ಸುಖ ಆಗಿತ್ತು ತಾನೆ?”

ಒಳಗೆ ಬಾ ಮಗ್ಗುಲು ಬದಲಿಸಿದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ. ಅವರೂ ಕೇಳುತ್ತಿದ್ದರು.

ಹೌದು ಎಂದರೆ ನಾನು ಹೇಳಲು ಬಂದದ್ದನ್ನು ಇನ್ನೆಂದೂ ಹೇಳುವಂತಿರಲಿಲ್ಲ.

“ಹೌದು,” ಎಂದೆ. “ಸುಖ ಆಗಿತ್ತು.”

“ನಿಜವಾಗಿ?”

“ನಿಜವಾಗಿ. ಆಕಾಶ ನೋಡ್ತಾ ನಿಂತಿದ್ರು. ಥೇಪ್ಲಾ ತಿಂದ್ರು. ಆಮೇಲೆ ಆದದ್ದು ಕಾಯಿಲೆ. ಆ ನಗು ಕಾಯಿಲೆದಲ್ಲ.”

ಅವರು ನನ್ನನ್ನು ನೋಡುತ್ತಲೇ ಇದ್ದರು. ನಾನು ಕಣ್ಣು ತಿರುಗಿಸಲಿಲ್ಲ. ಕಿಶೋರ್ ಹೋದ ಹದಿನಾರು ತಿಂಗಳಿಂದ ಏನನ್ನೂ ತೋರಿಸದೆ ಇರುವುದು ನನ್ನ ಮುಖಕ್ಕೆ ಅಭ್ಯಾಸವಾಗಿಬಿಟ್ಟಿದೆ.

“ನೀವು ಏನೋ ಹೇಳಬೇಕು ಅಂದ್ರಿ.”

“ಏನಿಲ್ಲ. ನೋಡಿಕೊಂಡು ಹೋಗೋಣ ಅಂತ ಬಂದೆ.”

ಅವರು ತಲೆಯಾಡಿಸಿದರು. ಮೊಣಕಾಲಿನ ಮೇಲೆ ಕೈಯೂರಿ ಎದ್ದು ಒಳಗೆ ಹೋದರು. ತಾಯಿಯ ಪಕ್ಕ ಕೂತ ಸದ್ದು, ಲೋಟಕ್ಕೆ ನೀರು ಬಗ್ಗಿಸಿದ ಸದ್ದು ಕೇಳಿತು. ಆಮೇಲೆ ಅವರ ದನಿ. ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳುತ್ತಿದ್ದರು.

“ಕೇಳಿದ್ಯಾ ಬಾ? ಬೆನ್ ಹೇಳಿದ್ರು. ಅದು ಒಳ್ಳೇ ನಗುವಂತೆ.”